ಕ್ರಮಸಂಖ್ಯೆ ನಾನೂರ ಹದಿಮೂರು

ರುಕ್ಮಿಣಮ್ಮ ಸಾಲಿನಲ್ಲಿ ನಿಂತಿರುವುದನ್ನು ಸ್ವಾಮಿ ಕಂಡದ್ದು ಒಂಬತ್ತೂವರೆಯ ಹೊತ್ತಿಗೆ. ಕಂಡವನೇ ತಲೆ ತಗ್ಗಿಸಿ ಮೇಜಿನ ಮೇಲಿದ್ದ ಮತದಾರರ ಪಟ್ಟಿಯನ್ನು ತಿರುವತೊಡಗಿದ. ತಿರುವಿ ನೋಡಬೇಕಾದ್ದೇನೂ ಇರಲಿಲ್ಲ. ಆ ಪುಟ ಅವನಿಗೆ ಬಾಯಿಪಾಠವಾಗಿತ್ತು. ನಾನೂರ ಹನ್ನೆರಡು, ಜವರಯ್ಯ. ನಾನೂರ ಹದಿಮೂರು, ರುಕ್ಮಿಣಮ್ಮ, ಗಂಡನ ಹೆಸರು ಜವರಯ್ಯ. ಜವರಯ್ಯ ತೀರಿಕೊಂಡು ಆರು ತಿಂಗಳಾಗುತ್ತ ಬಂದಿದ್ದರೂ ಅವನ ಹೆಸರು ಒಂದು ಗೀರೂ ಇಲ್ಲದೆ ಕೂತಿತ್ತು. ಬದುಕಿರುವ ರುಕ್ಮಿಣಮ್ಮನ ಪಟದ ಮೇಲೆ ಮಾತ್ರ 'ತೆಗೆದುಹಾಕಲಾಗಿದೆ' ಎಂಬ ಅಕ್ಷರಗಳು ಅಡ್ಡಡ್ಡ ಬಿದ್ದಿದ್ದವು. ತೆಗೆದುಹಾಕಿದವನು ಸ್ವಾಮಿಯೇ. ಅರಸೀಕೆರೆಯಲ್ಲಿ ತೆಂಗಿನಕಾಯಿ ಮಂಡಿಯ ಹಿಂದಿರುವ ಈ ಬಡಾವಣೆಯ ಮತದಾರರ ಹೆಸರು ಸೇರಿಸುವ, ತೆಗೆಯುವ, ತಿದ್ದುವ ಕೆಲಸ ಏಳು ವರ್ಷದಿಂದ ಅವನ ಹೆಗಲಿಗೆ ಬಿದ್ದಿತ್ತು. ಉಳಿದ ದಿನಗಳಲ್ಲಿ ಇದೇ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಪಾಠ ಹೇಳುವ ಮೇಷ್ಟ್ರು. ಇವತ್ತು ಶಾಲೆಯ ಗೇಟಿನ ಪಕ್ಕ ಶಾಮಿಯಾನದ ಕೆಳಗೆ ಕೂತು, ಬಂದವರಿಗೆ ಕ್ರಮಸಂಖ್ಯೆ ಹುಡುಕಿಕೊಡುತ್ತಿದ್ದ. ರುಕ್ಮಿಣಮ್ಮ ಹುಡುಕಿಸಿಕೊಳ್ಳಲು ಬಂದಿರಲಿಲ್ಲ. ಕೈಯಲ್ಲಿ ಕಾರ್ಡಿದ್ದರೆ ಓಟು ಇದ್ದಂತೆಯೇ ಎಂದು ನಂಬಿದ ಜನರ ಪೈಕಿ ಆಕೆ. ಸೆರಗನ್ನು ತಲೆಯ ಮೇಲೆ ಹೊದ್ದು, ಕಾರ್ಡನ್ನು ಎರಡು ಕೈಯಲ್ಲೂ ಹಿಡಿದು, ನೇರ ಹೋಗಿ ಹೆಂಗಸರ ಸಾಲಿನ ಕೊನೆಗೆ ನಿಂತಿದ್ದಳು. ಆಕೆಯ ಮುಂದೆ ನಲವತ್ತು ಜನರಾದರೂ ಇದ್ದರು.

ಈಗಲೇ ಎದ್ದುಹೋಗಿ, 'ಅಮ್ಮಾ, ನಿಮ್ಮ ಹೆಸರಿಲ್ಲ, ಬಿಸಿಲಲ್ಲಿ ನಿಲ್ಲಬೇಡಿ' ಎಂದುಬಿಡಬಹುದು. ಎರಡು ನಿಮಿಷದ ಮಾತು. ಆದರೆ ಹೆಸರಿಲ್ಲ ಎಂದರೆ ಯಾಕಿಲ್ಲ ಎನ್ನುತ್ತಾಳೆ, ಯಾಕಿಲ್ಲ ಎಂದರೆ ಯಾರು ತೆಗೆದರು ಎನ್ನುತ್ತಾಳೆ. ಅಲ್ಲಿಂದ ಮುಂದಿನ ಮಾತು ಸ್ವಾಮಿಯ ಬಳಿ ಇರಲಿಲ್ಲ. ಹೋದ ಕಾರ್ತೀಕದಲ್ಲಿ ಆ ಮನೆಯ ಮುಂದೆ ನಿಂತಾಗ ಬಾಗಿಲಿಗೆ ಬೀಗ, ಬೀಗದ ಮೇಲೆ ಅಡ್ಡಲಾಗಿ ಕಟ್ಟಿದ ಜಾಲಿಮುಳ್ಳಿನ ಕೊಂಬೆ. ಪಕ್ಕದ ಮನೆಯ ಬಸಮ್ಮ ಜಗುಲಿಯ ಮೇಲೆ ರಾಗಿ ಕೇರುತ್ತ ಕೂತಿದ್ದವಳು ಮೊರ ನಿಲ್ಲಿಸದೆಯೇ ಹೇಳಿದ್ದಳು: "ಯಜಮಾನ್ರು ಹೋದ ನಕ್ಷತ್ರ ಸರಿ ಇಲ್ವಂತೆ ಮೇಷ್ಟ್ರೇ. ಆರು ತಿಂಗ್ಳು ಮನೇಲಿ ದೀಪ ಹಚ್ಚಂಗಿಲ್ವಂತೆ. ಅಮ್ಮಾರು ಹುಲಿಕೆರೇಲಿ ಅಣ್ಣನ ಮನೇಲವ್ರೆ. ಯುಗಾದಿ ಕಳ್ದು ಸ್ವಲ್ಪ ದಿನಕ್ಕೆ ಬತ್ತಾರೆ." ಎಂದಮೇಲೆ ಅವನಿಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಎಲ್ಲಿಯೂ ಹೇಳುವ ಹಾಗಿಲ್ಲ. ನಕ್ಷತ್ರ, ಮುಳ್ಳು ಇವನ್ನೆಲ್ಲ ಅವನ ಮನೆಯವರು ಬುದ್ಧನ ಪಟ ಗೋಡೆಗೆ ಹಾಕಿದ ದಿನವೇ ಬಿಟ್ಟಿದ್ದರು. ಪಟ್ಟಣದಲ್ಲಿರುವವರೂ ಇನ್ನೂ ಬಾಗಿಲಿಗೆ ಮುಳ್ಳು ಕಟ್ಟುತ್ತಾರಲ್ಲ ಎಂದು ಅವತ್ತು ಒಳಗೊಳಗೇ ನಕ್ಕಿದ್ದ ಕೂಡ. ಅದೇ ಬೆಳಗ್ಗೆ ತಾಲ್ಲೂಕು ಕಚೇರಿಯವರು ಫೋನಿನ ಗುಂಪಿಗೆ ಒಂದು ಪಟ್ಟಿ ಹಾಕಿದ್ದರು, ಮನೆಮನೆ ಪರಿಶೀಲನೆಯಲ್ಲಿ ಹಿಂದೆ ಬಿದ್ದವರ ಹೆಸರು ಕೆಂಪಕ್ಷರದಲ್ಲಿ. ಸ್ವಾಮಿಯದು ಮೂರನೆಯದು. ಜವರಯ್ಯ ಸತ್ತದ್ದು ಬೀದಿಗೇ ಗೊತ್ತು, ಆದರೆ ಮರಣಪತ್ರದ ಫೋಟೊ ಸೇರಿಸದಿದ್ದರೆ ಪರಿಶೀಲನೆಯ ಆ್ಯಪು ಸಾವನ್ನು ಒಪ್ಪುವುದಿಲ್ಲ. ಮನೆ ಖಾಲಿ ಮಾಡಿದವರಿಗೆ ಅಂಥ ತಾಪತ್ರಯವಿಲ್ಲ, ನೆರೆಹೊರೆಯ ಇಬ್ಬರ ರುಜು ಸಾಕು. ಸತ್ತವನನ್ನು ಹಾಗೇ ಬಿಟ್ಟು, ಬೀದಿಯ ಕೊನೆಯ ಇಬ್ಬರಿಂದ ರುಜು ಹಾಕಿಸಿಕೊಂಡು, ಬದುಕಿದವಳ ಹೆಸರಿನ ಮುಂದೆ 'ಶಾಶ್ವತ ಸ್ಥಳಾಂತರ' ಎಂಬುದನ್ನು ಒತ್ತಿದ. ವಾಪಸು ಬಂದ ಮೇಲೆ ಸೇರಿಸಿದರಾಯಿತು ಎಂದುಕೊಂಡ. ಕೆಲವು ದಿನ ಬಿಟ್ಟು, ಆಕ್ಷೇಪಣೆ ಇದ್ದರೆ ಏಳು ದಿನದೊಳಗೆ ತಿಳಿಸಬೇಕೆಂಬ ನೋಟೀಸು ಬಂತು. ಅದಕ್ಕೆ ರುಜು ಹಾಕಿ, ತಾನೇ ಒಯ್ದು, ಮುಳ್ಳು ತಾಗದಂತೆ ಕೊಂಬೆ ಸರಿಸಿ, ಗೋಂದು ಬಳಿದು ಬಾಗಿಲಿಗೆ ಅಂಟಿಸಿದ. ಆರು ತಿಂಗಳು ಯಾರೂ ಬಂದು ತೆರೆಯದ ಬಾಗಿಲು ಅದು.

ಇಷ್ಟೇ ಆಗಿದ್ದರೆ ಅವಸರದ ತಪ್ಪು ಎಂದು ತನ್ನನ್ನು ತಾನೇ ಮಾಫಿ ಮಾಡಿಕೊಳ್ಳುತ್ತಿದ್ದ. ಸರ್ಕಾರದ ಕೆಲಸದಲ್ಲಿ ತಪ್ಪು ಮಾಡದವರು ಯಾರಿದ್ದಾರೆ? ಆದರೆ ಅದರ ಹಿಂದಿನ ವರ್ಷ ರುಕ್ಮಿಣಮ್ಮನ ಮನೆಯ ಜಗುಲಿಯ ಮೇಲೆ ಕೂತು ಜವರಯ್ಯನ ಕಾರ್ಡು ನೋಡುತ್ತಿದ್ದಾಗ ಕರೆಂಟಿನ ಮೀಟರು ಓದುವ ಶಿವಕುಮಾರನೂ ಬಂದಿದ್ದ. ರುಕ್ಮಿಣಮ್ಮ ಒಳಗಿನಿಂದ ಎರಡು ಕಾಫಿ ತಂದಳು. ಶಿವಕುಮಾರನಿಗೆ ಸ್ಟೀಲಿನ ಲೋಟ. ಸ್ವಾಮಿಗೆ ಪೇಪರ್ ಕಪ್ಪು. ಕಿಟಕಿಯ ಮೇಲೆ ಕಪ್ಪುಗಳ ಒಂದು ಕಟ್ಟು, ಬಾಯಿ ಹರಿದದ್ದು, ಅವನಿಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಆಕೆಯ ಮುಖದಲ್ಲಿ ಕೇಡೇನೂ ಇರಲಿಲ್ಲ, ಅದೇ ದೊಡ್ಡ ಕಷ್ಟ. "ಸಕ್ರೆ ಸಾಕಾ ಮೇಷ್ಟ್ರೇ?" ಎಂದು ಎದುರಿಗೇ ನಿಂತು ಕೇಳಿದಳು. ಸಾಕು ಎಂದ. ಕಾಫಿ ನಿಜವಾಗಿಯೂ ಚೆನ್ನಾಗಿತ್ತು. ಕುಡಿದಾದ ಮೇಲೆ ಕಪ್ಪನ್ನು ಎಲ್ಲಿಡಬೇಕೆಂದು ತಿಳಿಯದೆ, ಅಂಗಳದಲ್ಲಿ ಎಸೆಯಲೂ ಆಗದೆ, ಮಡಿಚಿ ಕೈಯಲ್ಲಿ ಹಿಡಿದು ಬೀದಿಯ ತಿರುವಿನವರೆಗೂ ಹೋಗಿದ್ದ. ಅವತ್ತು ಮನೆಯಲ್ಲಿ ಹೆಂಡತಿ ರಮಾ, "ಏನ್ರೀ ಒಂಥರಾ ಇದ್ದೀರಲ್ಲ" ಎಂದಾಗ ಬಿಸಿಲು ಎಂದಿದ್ದ. ಈಗ ಅವನನ್ನು ಕಾಡುವುದು ಕಪ್ಪಲ್ಲ. ಮುಳ್ಳಿನ ಬಾಗಿಲ ಮುಂದೆ ನಿಂತು ಬೆರಳು ಒತ್ತಿದಾಗ ಆ ಕಪ್ಪು ತನ್ನ ಮನಸ್ಸಿನಲ್ಲಿತ್ತೇ, ಇರಲಿಲ್ಲವೇ? ಇತ್ತು ಎಂದುಕೊಂಡರೆ ತಾನು ಇಂಥವನೇ ಎಂದು ಹೇಸಿಗೆಯಾಗುತ್ತದೆ. ಇರಲಿಲ್ಲ ಎಂದುಕೊಂಡರೆ ಅದನ್ನು ನಂಬಲು ಆಗುವುದಿಲ್ಲ.

ಎದುರಿನ ಬೀದಿಯಲ್ಲಿ ಎರಡು ಪಕ್ಷದವರೂ ನಿಯಮದಷ್ಟು ದೂರದಲ್ಲಿ ಮೇಜು ಹಾಕಿಕೊಂಡು ಕೂತಿದ್ದರು. ಜೆರಾಕ್ಸ್ ಅಂಗಡಿಯ ಮುಂದೆ ಒಂದು ಪಕ್ಷ, ಬೇವಿನ ಮರದ ಕೆಳಗೆ ಇನ್ನೊಂದು. ಯಾರು ಯಾವ ಮೇಜಿನಲ್ಲಿ ಚೀಟಿ ಬರೆಸಿಕೊಳ್ಳುತ್ತಾರೆಂಬುದರ ಮೇಲೆ ಅವರ ಒಲವು ಯಾವ ಕಡೆ ಎಂದು ಇಡೀ ಬೀದಿ ಓದಿಬಿಡುತ್ತದೆ. ಅದಕ್ಕೇ ಜಾಣರು ಎರಡೂ ಕಡೆ ಬರೆಸಿಕೊಂಡು ಹೋಗುತ್ತಾರೆ. ಸ್ವಾಮಿ ಯಾವ ಮೇಜಿಗೂ ಹೋಗುವವನಲ್ಲ, ಆದರೂ ಅವನನ್ನು ಬೇವಿನ ಮರದವನೆಂದು ಎಲ್ಲರೂ ಬರೆದಿಟ್ಟುಕೊಂಡಿದ್ದರು. ಬರೆದದ್ದು ಸುಳ್ಳೂ ಅಲ್ಲ. ಜೆರಾಕ್ಸ್ ಅಂಗಡಿ ಕಡೆಯ ಚೇತನ್‌ಕುಮಾರ್ ಗಂಟೆಗೊಮ್ಮೆ ಬರುತ್ತಿದ್ದ, ಗರಿಗರಿ ಬಿಳಿ ಅಂಗಿ, ಕೈಯಲ್ಲಿ ಮನೆಮನೆಗೂ ಗುರುತು ಹಾಕಿದ ಹಳೆಯ ಪಟ್ಟಿ.

"ಸಾರ್, ಎಷ್ಟಾಯ್ತು ಪರ್ಸೆಂಟು?"

"ಇಪ್ಪತ್ತೊಂದು."

"ಹಳ್ಳಿ ಕಡೆ ಆಗ್ಲೇ ಮೂವತ್ತು ದಾಟಿದೆ. ನಮ್ ಬಡಾವಣೆ ಜನಕ್ಕೆ ಟಿವಿ ಮುಂದೆ ಕೂತು ದೇಶ ಆಳೋದು ಗೊತ್ತು, ಬೂತಿಗೆ ಬಾ ಅಂದ್ರೆ ಮಂಡಿ ನೋವು." ಅವನು ಸಾಲಿನ ಕಡೆ ನೋಡಿದ. "ಅಲ್ ನೋಡಿ, ರುಕ್ಮಿಣಮ್ಮನೋರು ಎರಡು ಬಸ್ಸು ಹತ್ತಿ ಬಂದವ್ರೆ. ಜವರಯ್ಯನೋರ ಮನೆ ಓಟು ಅಂದ್ರೆ ನಮ್ಗೆ ಬ್ಯಾಂಕಲ್ಲಿಟ್ಟಂಗೆ." ಪಟ್ಟಿಯಲ್ಲಿ ಎರಡು ಹೆಸರಿಗೂ ಹಾಕಿದ್ದ ಗುರುತನ್ನು ಬೆರಳಲ್ಲಿ ತಟ್ಟಿ ತೋರಿಸಿ ಹೋದ.

ಸ್ವಾಮಿಯ ಅಪ್ಪ ಗಿಡ್ಡಯ್ಯ ಹಾರನಹಳ್ಳಿಯಲ್ಲಿ ಚುನಾವಣೆಯ ದಿನ ಕೋಳಿ ಕೂಗುವ ಮೊದಲೇ ಮಿಂದು, ಮಗನ ಮದುವೆಗೆ ಹೊಲಿಸಿದ ಅಂಗಿ ತೊಟ್ಟು ಬೂತಿಗೆ ಹೋಗುತ್ತಿದ್ದ. "ಇವತ್ತೊಂದಿನ ಗೌಡ್ರೂ ನಾನೂ ಒಂದೇ ಸಾಲು ಕಣ್ಲಾ. ಅವ್ರದೂ ಒಂದೇ ಬೆಳ್ಳು, ನಂದೂ ಒಂದೇ ಬೆಳ್ಳು" ಎನ್ನುತ್ತಿದ್ದ. ಸ್ವಾಮಿ ಹುಟ್ಟುವ ಮೊದಲು ಒಂದು ಸಲ, ನಿನ್ನದು ಆಗಲೇ ಬಿದ್ದಿದೆ ಹೋಗು ಎಂದು ಯಾರೋ ಅವನನ್ನು ವಾಪಸು ಕಳಿಸಿದ್ದರಂತೆ. ಜಗಳ ಆಡಲಿಲ್ಲ. ಶಾಲೆಯ ಎದುರಿನ ಕಟ್ಟೆಯ ಮೇಲೆ ಸಂಜೆಯವರೆಗೂ ಕೂತು ಮನೆಗೆ ಬಂದ, ಎರಡು ದಿನ ಮುದ್ದೆ ಮುಟ್ಟಲಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಆ ಅಪ್ಪನ ಮಗ ತಾನು. ಈ ಕೆಲಸ ಸಿಕ್ಕಿದಾಗ ಉಳಿದ ಮೇಷ್ಟ್ರುಗಳು ತಪ್ಪಿಸಿಕೊಳ್ಳಲು ಡಾಕ್ಟರ ಚೀಟಿ ತಂದರು. ಅವನು ಮಾತ್ರ ಸಂತೋಷದಿಂದ ಒಪ್ಪಿಕೊಂಡಿದ್ದ. ಒಬ್ಬರ ಹೆಸರೂ ಬಿಡದಂತೆ ಬರೆಯುತ್ತೇನೆ ಎಂದುಕೊಂಡಿದ್ದ.

ಹತ್ತೂಕಾಲಿಗೆ ಅವನು ಎದ್ದ. ಹೇಳಿಯೇಬಿಡುತ್ತೇನೆ ಎಂದೇ ಎದ್ದದ್ದು. ಬರಿಗೈಯಲ್ಲಿ ಹೋಗಲು ಸಂಕೋಚವಾಗಿ, ಮತದಾರರಿಗೆಂದು ಇಟ್ಟಿದ್ದ ನೀರಿನ ಕ್ಯಾನಿನಿಂದ ನೀರು ಹಿಡಿದುಕೊಂಡ. ಸಾಲಿನ ಬಳಿ ಹೋಗಿ ಕೈ ಚಾಚಿದಾಗಲೇ ಅದು ಪೇಪರ್ ಕಪ್ಪು ಎಂದು ಅವನ ಕಣ್ಣಿಗೆ ಬಿದ್ದದ್ದು. ಕ್ಯಾನಿನ ಪಕ್ಕ ಇದ್ದದ್ದು ಅವೇ. ಎಲ್ಲರಿಗೂ ಅವೇ.

"ಅಯ್ಯೋ, ನೀವ್ಯಾಕೆ ತರಕ್ಕೋದ್ರಿ," ಎಂದಳು ರುಕ್ಮಿಣಮ್ಮ. ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದಳು. "ಏಳ್ ಗಂಟೆಗೆ ಹುಲಿಕೆರೆ ಬಿಟ್ಟೆ. ಹಳೇಬೀಡಲ್ಲಿ ಬಸ್ ಕಾದು ಕಾದು ಸಾಕಾಯ್ತು. ಅಣ್ಣ ಬ್ಯಾಡ ಅಂದ, ಒಂದೋಟಿಗೆ ಯಾಕೆ ಅಲ್ಲೀಗಂಟ ಅಂತ. ನಾನೇ ಇಲ್ಲ ಹೋಗ್ಬತ್ತೀನಿ ಅಂದೆ."

"ಅಮ್ಮಾ," ಎಂದ ಸ್ವಾಮಿ.

"ಏನ್ ಮೇಷ್ಟ್ರೇ?"

"ಬಿಸಿಲು ಜಾಸ್ತಿ ಇದೆ. ಆ ಕಡೆ ನೆರಳಲ್ಲಿ ಕೂತ್ಕೊಳ್ಳಿ, ನಿಮ್ಮ ಸರದಿ ಬಂದಾಗ ಕರೀತೀನಿ."

"ಬ್ಯಾಡ ಬಿಡಿ. ಸಾಲು ಬಿಟ್ರೆ ಹೋಯ್ತು."

ಖಾಲಿ ಕಪ್ಪನ್ನು ಇಸಿದುಕೊಂಡು ಅವನು ವಾಪಸು ಬಂದ. ಸಾಲು ಹೆಜ್ಜೆ ಹೆಜ್ಜೆಗೆ ಮುಂದೆ ಸರಿಯುತ್ತಿತ್ತು. ಒಬ್ಬೊಬ್ಬರು ಒಳಗೆ ಹೋದಾಗಲೂ ಅವನು ಆಕೆಯ ಮುಂದೆ ಇನ್ನೆಷ್ಟು ಜನ ಎಂದು ಎಣಿಸುತ್ತಿದ್ದ. ಯಾರೋ ಒಬ್ಬ ಮುದುಕ ಕನ್ನಡಕ ಮರೆತು ಬಂದಿದ್ದ. ಅವನ ಸಂಖ್ಯೆಯನ್ನು ಎರಡು ಸಲ ತಪ್ಪು ಬರೆದುಕೊಟ್ಟು ಬೈಸಿಕೊಂಡ. ಮಶೀನು ಕೆಟ್ಟು ನಿಂತರೆ ಒಳ್ಳೆಯದು ಎನ್ನಿಸಿತು, ಆಮೇಲೆ ಅದೆಂಥ ಯೋಚನೆ ಎಂದು ನಾಚಿಕೆಯಾಯಿತು. ಮಶೀನು ಕೆಡಲಿಲ್ಲ.

ಹನ್ನೊಂದು ದಾಟಿ ಸ್ವಲ್ಪ ಹೊತ್ತಿಗೆ ಆಕೆ ಒಳಗೆ ಹೋದಳು, ಎರಡೇ ನಿಮಿಷಕ್ಕೆ ಹೊರಗೆ ಬಂದಳು. ಅಳುತ್ತಿರಲಿಲ್ಲ. ಎಡಗೈ ಬೆರಳನ್ನು ಬಲಗೈಯಲ್ಲಿ ಹಿಡಿದುಕೊಂಡು, ಯಾವ ಕಡೆ ಹೋಗಬೇಕೆಂದು ತಿಳಿಯದವಳಂತೆ ಗೇಟಿನ ಬಳಿ ನಿಂತಳು. ಸುದ್ದಿ ಜೆರಾಕ್ಸ್ ಅಂಗಡಿ ತಲುಪಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಚೇತನ್‌ಕುಮಾರ್ ಐದಾರು ಜನರನ್ನು ಕಟ್ಟಿಕೊಂಡು ಬಂದು ಮೇಜಿನ ಮೇಲೆ ಕೈಯೂರಿದ.

"ಏನ್ ಸಾರ್ ಇದು? ಸತ್ತೋರ ಹೆಸರಿದೆ, ಬದುಕಿರೋರದ್ದು ಇಲ್ಲ. ನಮ್ ಕಡೆ ಓಟು ಅಂತ ಹುಡುಕಿ ಹುಡುಕಿ ಎತ್ತಿದ್ದೀರಾ?"

ಸ್ವಾಮಿಯ ಬಾಯಿಂದ, "ಅದು ಪ್ರೊಸೀಜರು, ಸ್ಥಳ ಪರಿಶೀಲನೆ ಟೈಮಲ್ಲಿ..." ಎಂಬಷ್ಟು ಹೊರಟಿತು.

"ಯಾರು ಮಾಡಿದ್ದು ಪರಿಶೀಲನೆ? ನೀವೇ ತಾನೆ? ನಿಮ್ಮೋರು ಯಾವ ಪಾರ್ಟಿ ಅಂತ ನಮ್ಗೆ ಗೊತ್ತಿಲ್ವಾ?"

ನಿಮ್ಮೋರು ಎಂದರೆ ಯಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸಿಟ್ಟು ಬರಬೇಕಿತ್ತು. ಎದ್ದು ನಿಂತು, ನಾಲಿಗೆ ಬಿಗಿ ಹಿಡಿದು ಮಾತಾಡು ಎನ್ನಬೇಕಿತ್ತು. ಬೇರೆ ಯಾವ ದಿನವಾಗಿದ್ದರೂ ಎನ್ನುತ್ತಿದ್ದ. ಇವತ್ತು ಅವನ ಸಿಟ್ಟಿಗೆ ಕಾಲೇ ಇರಲಿಲ್ಲ. ಎದುರಿನವನು ಹೇಳಿದ ಸುಳ್ಳಿನೊಳಗೆ ಎಲ್ಲೋ ಒಂದು ಚೂರು ನಿಜ ಸಿಕ್ಕಿಕೊಂಡಿತ್ತು. ಬೇವಿನ ಮರದ ಕೆಳಗಿಂದ ಕಿರಣ್ ಇತ್ತ ನೋಡುತ್ತಿದ್ದ. ಸ್ವಾಮಿಯ ಸಂಬಂಧಿಕನೇ, ಆ ಪಕ್ಷದ ಬೂತಿನ ಉಸ್ತುವಾರಿ. ಕಣ್ಣಿಗೆ ಕಣ್ಣು ಸಿಕ್ಕಿದಾಗ ಮೆಲ್ಲಗೆ ಹೆಬ್ಬೆರಳು ಎತ್ತಿ ತೋರಿಸಿದ. ಬೈಗುಳಕ್ಕಿಂತ ಆ ಹೆಬ್ಬೆರಳೇ ಸ್ವಾಮಿಗೆ ಹೆಚ್ಚು ಚುಚ್ಚಿತು.

ಆಗ ರುಕ್ಮಿಣಮ್ಮ ನಡುವೆ ಬಂದಳು. "ಸುಮ್ಕಿರಪ್ಪಾ ಚೇತನ. ಮೇಷ್ಟ್ರು ಅಂಥೋರಲ್ಲ. ನಮ್ಮನೆ ಜಗುಲಿ ಮೇಲೆ ಕೂತು ಕಾಫಿ ಕುಡ್ದವ್ರೆ ಅವ್ರು. ಮೇಲೆ ಆಫೀಸ್ನೋರು ಏನೋ ಮಾಡವ್ರೆ, ಇವ್ರೇನ್ ಮಾಡ್ತಾರೆ ಪಾಪ."

ಆಕೆ ಅದನ್ನು ಮನಸಾರೆ ಹೇಳಿದಳು. ಕೊಟ್ಟ ಕಾಫಿ ಆಕೆಗೆ ನೆನಪಿತ್ತು, ಯಾವುದರಲ್ಲಿ ಕೊಟ್ಟೆ ಎಂಬುದು ನೆನಪಿರಲಿಲ್ಲ. ಸ್ವಾಮಿ ಪಟ್ಟಿಯ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತ. ಗುಂಪು ಗೊಣಗಿಕೊಂಡು ಚದುರಿತು. ಮೂರು ಗಂಟೆಯ ಬಸ್ಸಿಗೆ ಇನ್ನೂ ಹೊತ್ತಿದೆ, ಬಂದದ್ದಕ್ಕೆ ಮನೆಯನ್ನಾದರೂ ಹೊರಗಿಂದ ನೋಡಿಕೊಂಡು ಬರುತ್ತೇನೆ ಎಂದು ಹೇಳಿ ಆಕೆ ಹೊರಟಳು. ಆ ಬಾಗಿಲಿಗೆ ಅಂಟಿಸಿದ ಕಾಗದ ಅವನ ನೆನಪಿಗೆ ಬಂದದ್ದು ಆಕೆ ತಿರುವು ದಾಟಿದ ಮೇಲೆ.

ಒಂದೂವರೆಗೆ ಸಾಲು ಪೂರ್ತಿ ಕರಗಿತ್ತು. ಅವನ ಓಟೂ ಇದೇ ಬೂತಿನಲ್ಲಿ. ಪಕ್ಕದಲ್ಲಿದ್ದ ಅಂಗನವಾಡಿಯಾಕೆಗೆ ಮೇಜು ನೋಡಿಕೊಳ್ಳಲು ಹೇಳಿ ಒಳಗೆ ಹೋದ. ದಿನಾ ತಾನೇ ಪಾಠ ಮಾಡುವ ಕೋಣೆ, ಕರಿಹಲಗೆಯ ಮೇಲೆ ತನ್ನದೇ ಅಕ್ಷರದ ಭಾಗಾಕಾರ ಅರ್ಧ ಅಳಿಸಿ ಹೋಗಿತ್ತು. ಬೆರಳಿಗೆ ಮಸಿ ಹಾಕಿದರು. ರಟ್ಟಿನ ಮರೆಯಲ್ಲಿ ಮಶೀನಿನ ಮುಂದೆ ನಿಂತಾಗ ಕೈ ರೂಢಿಯಂತೆ ಅಪ್ಪ ಒತ್ತುತ್ತಿದ್ದ ಗುರುತಿನ ಕಡೆ ಹೋಯಿತು, ಅಲ್ಲೇ ನಿಂತಿತು. ಒಂದು ಓಟು ಕಿತ್ತುಕೊಂಡವನು ಒಂದು ಓಟು ವಾಪಸು ಕೊಡಬಹುದಲ್ಲ. ಯಾರಿಗೂ ತಿಳಿಯುವುದಿಲ್ಲ, ತಿಳಿಸಬೇಕಾಗಿಯೂ ಇಲ್ಲ. ಚೇತನ್‌ಕುಮಾರನ ಪಟ್ಟಿಯಲ್ಲಿ ಆ ಮನೆಯ ಎರಡು ಹೆಸರಿನ ಮುಂದೆ ಹಾಕಿದ್ದ ಗುರುತು ಕಣ್ಣಿಗೆ ಕಟ್ಟಿತು. ಆ ಪಕ್ಷದ್ದು ಅಪ್ಪ ಜೀವ ಹೋದರೂ ಒತ್ತದ ಗುಂಡಿ, ಸ್ವಾಮಿಯೂ ಇಲ್ಲಿಯವರೆಗೆ ಒತ್ತಿರಲಿಲ್ಲ. ಒತ್ತಿದ. ಮಶೀನು ಉದ್ದಕ್ಕೆ ಕೂಗಿತು. ಪಕ್ಕದ ಗಾಜಿನೊಳಗೆ ಚೀಟಿ ಕಾಣಿಸಿಕೊಂಡು ಏಳು ಸೆಕೆಂಡು ನಿಂತು ಕೆಳಗೆ ಬಿತ್ತು. ಹೊರಗೆ ಬರುವಾಗ ಮನಸ್ಸು ಹಗುರಾಗಬಹುದು ಎಂದು ಕಾದ. ಅಂಥದ್ದೇನೂ ಆಗಲಿಲ್ಲ, ಹೊಟ್ಟೆ ಹಸಿದಿತ್ತು ಅಷ್ಟೆ.

ಮೇಜಿನ ಮುಂದಿನ ಕುರ್ಚಿಯಲ್ಲಿ ರುಕ್ಮಿಣಮ್ಮ ಕೂತಿದ್ದಳು. ಬಾಗಿಲಿನಿಂದ ಎಬ್ಬಿಸಿ ತಂದ ನೋಟೀಸನ್ನು ಪಟ್ಟಿಯ ಮೇಲೆ ಬಿಡಿಸಿಟ್ಟಿದ್ದಳು. ಬಿಸಿಲಿಗೆ ಹಳದಿಯಾಗಿತ್ತು, ಮುಳ್ಳು ತಾಗಿದ ಕಡೆ ಎರಡು ತೂತು.

"ಒಳಕ್ಕೋಗ್ಲಿಲ್ಲ. ಆರು ತಿಂಗ್ಳಿಗೆ ಹತ್ತು ದಿನ ಐತಲ್ಲ ಇನ್ನೂವೆ," ಎಂದಳು. ಆಮೇಲೆ, "ಬಸಮ್ಮನ ಮಗಳು ಓದಿ ಹೇಳಿದ್ಲು. ಇದ್ರಲ್ಲಿ ನಿಮ್ಮ ರುಜು ಐತಂತೆ."

"ಹೌದಮ್ಮ. ನಾನೇ ತೆಗೆದದ್ದು."

"ನಾನು ಹುಲಿಕೆರೇಲಿರೋದು ಬಸಮ್ಮ ಹೇಳಿರ್ಲಿಲ್ವಾ?"

"ಹೇಳಿದ್ರು."

ರುಕ್ಮಿಣಮ್ಮ ನೋಟೀಸಿನ ತೂತುಗಳ ಮೇಲೆ ಬೆರಳಾಡಿಸಿದಳು. ಸ್ಟೇಷನ್ನಿನ ಕಡೆಯಿಂದ ಒಂದು ಗೂಡ್ಸ್ ಗಾಡಿ ಹೊರಟ ಸದ್ದು ಕೇಳುತ್ತಲೇ ಇತ್ತು. ಅದು ನಿಂತ ಮೇಲೆ ಆಕೆ ಕೇಳಿದಳು, "ನಾನೇನಾದ್ರೂ ತಪ್ಪು ನಡ್ಕಂಡಿದ್ನಾ ಮೇಷ್ಟ್ರೇ, ನಿಮ್ಮ ಹತ್ರ?"

ಹೇಳಬಹುದಾಗಿತ್ತು. ಇಷ್ಟು ಹತ್ತಿರ, ಇಷ್ಟು ನೇರ ಅದನ್ನು ಅವನಿಗೆ ಮತ್ತೆ ಯಾರೂ ಕೇಳುವುದಿಲ್ಲ. ಆದರೆ ಕಪ್ಪಿನ ಮಾತು ಎತ್ತಿದರೆ ತೆಗೆದದ್ದು ಅದಕ್ಕೇ ಎಂದು ತಾನೇ ಬರೆದುಕೊಟ್ಟ ಹಾಗೆ. ಎತ್ತದಿದ್ದರೆ ಆಕೆ ಏನೂ ಮಾಡಿಲ್ಲ ಎಂದು ಒಪ್ಪಿಕೊಂಡ ಹಾಗೆ.

"ಇಲ್ಲಮ್ಮ," ಎಂದ.

"ಅಂಗಾದ್ರೆ ನನ್ನ ಗ್ರಾಚಾರ." ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಮತ್ತೆ ಸೇರಿಸಕ್ಕೆ ಅರ್ಜಿ ಐತಂತಲ್ಲ, ಬರ್ಕೊಡಿ."

ಅವನು ಫಾರಂ ತೆಗೆದ. ಈಗ ತುಂಬಿದರೂ ಸೇರುವುದು ಮುಂದಿನ ಪಟ್ಟಿಗೆ ಎಂದು ಹೇಳಿದ. ಆಕೆ ತಲೆಯಾಡಿಸಿದಳು.

"ನಲವತ್ತು ವರ್ಸ ಅವ್ರು ಯಾವ್ದಂದ್ರೆ ಅದನ್ನೇ ಒತ್ತಿದ್ದೀನಿ ಮೇಷ್ಟ್ರೇ. ಮೇಲಿಂದ ಎಷ್ಟನೇದು ಅಂತ ಮನೇಲೇ ಹೇಳ್ಕೊಟ್ಟು ಕರ್ಕಂಬರೋರು. ಈ ಸಲ ಹೇಳೋರಿರ್ಲಿಲ್ಲ. ಅಣ್ಣ ಒಂದು ಹೇಳ್ದ, ಚೇತನ ಫೋನ್ ಮಾಡಿ ಒಂದು ಹೇಳ್ದ, ಇಬ್ರಿಗೂ ಹೂಂ ಅಂದೆ. ಬಸ್ಸಲ್ಲೆಲ್ಲ ಅದೇ ಯೋಚ್ನೆ ನಂಗೆ. ಒಳಕ್ಕೋಗಿ ನಿಂತ್ಕಂಡು, ನಂಗ್ಯಾವ್ದು ಸರಿ ಕಾಣ್ತದೋ ಅದಕ್ಕೆ ಒತ್ತಣ ಅಂದ್ಕಂಡಿದ್ದೆ."

"ಯಾವುದು ಅಂತ..." ಸ್ವಾಮಿಗೆ ತಾನು ಕೇಳುತ್ತಿರುವುದು ಸರಿಯಲ್ಲವೆಂದು ಗೊತ್ತಿತ್ತು. "ಯಾವುದಕ್ಕೆ ಅಂತ ಇತ್ತು ಮನಸ್ಸಲ್ಲಿ?"

"ಅದೇ ಗೊತ್ತಾಗ್ಲಿಲ್ವಲ್ಲ. ಒಳಕ್ಕೆ ಬಿಟ್ಟಿದ್ರೆ ಗೊತ್ತಾಗ್ತಿತ್ತು."

ಆಕೆ ನೋಟೀಸನ್ನು ಪಕ್ಕಕ್ಕೆ ಸರಿಸಿ ಪಟ್ಟಿಯ ಮೇಲೆ ಬಗ್ಗಿದಳು. ನಾನೂರ ಹನ್ನೆರಡರ ಪಟದಲ್ಲಿ ಜವರಯ್ಯ ಕಾಲರಿನ ಗುಂಡಿ ಹಾಕಿಕೊಂಡು ನೆಟ್ಟಗೆ ನೋಡುತ್ತಿದ್ದ. ಆಕೆ ಅದನ್ನು ಬೆರಳಿನಿಂದ ಮುಟ್ಟಿದಳು. "ಇವ್ರದು ಅಂಗೇ ಐತೆ ನೋಡಿ. ಬಿಡಿ, ಈ ಸಲಾನೂ ಅವ್ರ ಓಟೇ ನಡೀತು."

ಸ್ವಾಮಿ ಮಸಿ ಹತ್ತಿದ ಬೆರಳನ್ನು ಅಂಗೈಯೊಳಗೆ ಮಡಿಚಿಕೊಂಡ. ಅರ್ಜಿದಾರರ ಹೆಸರು ಎಂದಿದ್ದ ಕಡೆ ರುಕ್ಮಿಣಮ್ಮ ಎಂದು ದುಂಡಗೆ ಬರೆದ. ಅದರ ಕೆಳಗಿನ ಸಾಲು ತಂದೆ ಅಥವಾ ಗಂಡನ ಹೆಸರಿನದು. ಅಲ್ಲಿ ಅವನ ಪೆನ್ನು ನಿಂತಿತು.

"ಬರೀರಿ," ಎಂದಳು ರುಕ್ಮಿಣಮ್ಮ. "ಅದಿಲ್ದೆ ತಗೋತಾರಾ?"

ಇಲ್ಲ ಎಂದು ತಲೆಯಾಡಿಸಿ ಅವನು ಬರೆದ.